ಟೋಕನ್ ಇಲ್ಲದ ರೋಗಿ

ಚೆನ್ನೈಯ ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿಗೂ ಒಂದು ಬೇವಿನ ಮರಕ್ಕೂ ನಡುವೆ ಸ್ಟೇಷನ್ ಪ್ಲಾಟ್‌ಫಾರಮ್ಮಿನ ತುದಿ ಕಾಣುತ್ತದೆ. ಈ ಮನೆಗೆ ಬಂದ ಹೊಸತರಲ್ಲಿ ಟೀವಿಯ ಮಾತು ಕೇಳಿಸುವುದಿಲ್ಲವೆಂದು ರೈಲಿಗೆ ಬೈಯುತ್ತಿದ್ದೆವು. ಆಮೇಲೆ ಆ ಸದ್ದು ಕೇಳಿಸುವುದೇ ನಿಂತುಹೋಯಿತು. ಹಳಿಯ ಪಕ್ಕ ಬದುಕುವವರಿಗೆಲ್ಲ ಹಾಗೆಯೇ.

ಈಗ ನನಗೆ ಮತ್ತೆ ಕೇಳಿಸುತ್ತದೆ. ಹಾರ್ನ್ ಮೊಳಗಿದ ಕೂಡಲೇ ರೋಹಿಣಿ ಎಲ್ಲಿದ್ದಾಳೆಂದು ಕಣ್ಣು ಹುಡುಕುತ್ತದೆ. ಅಡುಗೆಮನೆಯಲ್ಲಿದ್ದಾಳೆ, ಸರಿ. ಬಚ್ಚಲಿನಲ್ಲಿ ನೀರು ಬೀಳುತ್ತಿದೆ, ಸರಿ. ಅವಳಿಗೂ ಇದು ಗೊತ್ತು. ಕೆಲವೊಮ್ಮೆ ನಾನು ಏಳುವ ಮೊದಲೇ ಒಳಗಿನಿಂದ "ಇಲ್ಲೇ ಇದೀನಿ ಕಣ್ರೀ" ಅನ್ನುತ್ತಾಳೆ. ಆ ದನಿಯಲ್ಲಿ ತಮಾಷೆಯೂ ಇರುವುದಿಲ್ಲ, ಸಿಟ್ಟೂ ಇರುವುದಿಲ್ಲ. ಹಾಜರಿ ಹೇಳಿದ ಹಾಗೆ ಹೇಳುತ್ತಾಳೆ.

ರೋಹಿಣಿ ನನ್ನ ಹೆಂಡತಿ. ಮೈಸೂರಿನವಳು. ಚೆನ್ನೈಯ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಪ್ರೊಫೆಸರ್. ಎಂ.ಡಿ. ಓದುವ ಕಿರಿಯ ಡಾಕ್ಟರುಗಳನ್ನು ಅಲ್ಲಿ ಪಿಜಿಗಳು ಅನ್ನುತ್ತಾರೆ. ಅವರ ಪಾಠ, ಡ್ಯೂಟಿ, ರಜೆ, ಪ್ರಬಂಧ, ಜಗಳ, ಅಳು ಎಲ್ಲವನ್ನೂ ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿದ್ದಳು. ನನ್ನದು ಬಂದರಿನ ಕೆಲಸ. ಹಡಗಿನಲ್ಲಿ ಬಂದ ಸರಕು ಜಖಂ ಆಗಿದ್ದರೆ ನೋಡಿ ವರದಿ ಕೊಡುವ ಸರ್ವೇಯರ್. ಕಂಟೇನರಿನ ತಗಡಿನ ಮೇಲಿನ ತಗ್ಗನ್ನು ನೋಡಿ ಅದು ಸಮುದ್ರದಲ್ಲಾದದ್ದೋ ದಡದಲ್ಲಾದದ್ದೋ ಹೇಳಬಲ್ಲೆ. ಮನೆಯೊಳಗಿನದು ನನಗೆ ಕಾಣಲಿಲ್ಲ. ನಮ್ಮ ಜೊತೆ ನನ್ನ ಅಮ್ಮ ಇದ್ದಾಳೆ, ಹತ್ತನೆಯ ತರಗತಿಯಲ್ಲಿ ಓದುವ ಮಗಳು ಅನಘಾ ಇದ್ದಾಳೆ. ಉಡುಪಿ ಕಡೆಯಿಂದ ಬಂದು ಈ ಊರಿನಲ್ಲಿ ಹೋಟೆಲು ನಡೆಸಿದ ಮನೆತನ ನಮ್ಮದು. ಅಪ್ಪ ಹೋದ ಮೇಲೆ ಹೋಟೆಲು ಹೋಯಿತು. ಅಮ್ಮನ ಬಾಯಲ್ಲಿ ಮಾತ್ರ ಅದು ಇನ್ನೂ ನಡೆಯುತ್ತಿದೆ.

"ನಿಂದು ಮದ್ದಳೆಯ ಬಾಳು ಮಾರಾಯ್ತಿ. ಎರಡೂ ಕಡೆಯಿಂದ ಪೆಟ್ಟು," ಎಂದು ಅಮ್ಮ ಒಮ್ಮೆ ರೋಹಿಣಿಗೆ ಹೇಳಿದ್ದಳು. ಆಗ ರೋಹಿಣಿ ನಕ್ಕಿದ್ದಳು. ಮಾತು ನಿಜವಾಗಿತ್ತು. ಮ್ಯಾನೇಜ್‌ಮೆಂಟಿಗೆ ವಾರ್ಡು ಖಾಲಿ ಬೀಳಬಾರದು. ಪಿಜಿಗಳಿಗೆ ನಿದ್ದೆ ಬೇಕು. ಒಬ್ಬನಿಗೆ ಡೆಂಗಿ ಜ್ವರ, ಇನ್ನೊಬ್ಬಳ ತಂದೆಗೆ ಆಪರೇಷನ್, ಮತ್ತೊಬ್ಬ ಬಾತ್‌ರೂಮಿನೊಳಗೆ ಕೂತು ಹೊರಗೆ ಬರಲೊಲ್ಲ. ಡ್ಯೂಟಿ ರೋಸ್ಟರಿನಲ್ಲಿ ಎಲ್ಲಿ ಖಾಲಿ ಬಿದ್ದರೂ ರೋಹಿಣಿ ಅಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಿದ್ದಳು. ಪ್ರೊಫೆಸರುಗಳು ಹೀಗೆ ಮಾಡುವುದಿಲ್ಲ. ಕೇಳಿದರೆ, "ನಾನು ಹೋಗದಿದ್ರೆ ಇನ್ನೊಂದು ಮಗು ಎರಡು ದಿನ ಮಲಗೋಲ್ಲ ಕಣ್ರೀ. ಅದು ನನ್ನ ರೋಗಿಗೆ ಏನು ಇಂಜೆಕ್ಷನ್ ಕೊಡುತ್ತೋ," ಎನ್ನುತ್ತಿದ್ದಳು. ಅವಳ ಪಿಜಿಗಳೆಲ್ಲ ಮಕ್ಕಳೇ, ಗಡ್ಡ ಬಂದವರೂ.

ಒಬ್ಬ ಹುಡುಗಿ ನಡುವೆ ಕೋರ್ಸು ಬಿಟ್ಟು ಹೋದಳು. ಅವಳ ತಂದೆ ವಿಭಾಗಕ್ಕೆ ಬಂದು, ನನ್ನ ಮಗಳನ್ನು ಹಿಂಡಿ ಹಾಕಿದಿರಿ ಎಂದು ಎಲ್ಲರ ಎದುರು ಕೂಗಾಡಿದರಂತೆ. ಅದೇ ದಿನ ಆಡಳಿತದವರು ಕರೆಸಿ, ಸೀಟು ವ್ಯರ್ಥವಾಗಲು ಯಾಕೆ ಬಿಟ್ಟಿರಿ ಎಂದರಂತೆ. ಇದನ್ನು ರೋಹಿಣಿ ಎರಡೇ ವಾಕ್ಯದಲ್ಲಿ ಹೇಳಿ ಮೊಸರನ್ನ ಕಲಸಿಕೊಂಡಳು. ಕಲಸುತ್ತಲೇ ಕೂತಳು. ತಿನ್ನಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಪಿಜಿಗಳಿಗೆ ಬೈಯುವುದನ್ನು ನಿಲ್ಲಿಸಿದಳು. ಮೊದಲು ರೌಂಡ್ಸಿನಲ್ಲಿ ಅವಳ ದನಿ ವಾರ್ಡಿನ ಆಚೆ ತುದಿಗೂ ಕೇಳುತ್ತಿತ್ತಂತೆ. ಈಗ ಎಷ್ಟು ದೊಡ್ಡ ತಪ್ಪಾದರೂ "ಪರವಾಯಿಲ್ಲೆ". ಮೇಡಂ ಎಷ್ಟು ಮೃದುವಾಗಿಬಿಟ್ಟರು ಎಂದು ಪಿಜಿಗಳು ಖುಷಿಪಟ್ಟರು. ಅವಳ ಹುಟ್ಟುಹಬ್ಬಕ್ಕೆ ಕೇಕು ತಂದರು. ಆ ಫೋಟೋ ನನ್ನ ಫೋನಿನಲ್ಲಿದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ರೋಹಿಣಿ ಚಾಕುವನ್ನು ನೋಡುತ್ತ, ಇದರಿಂದ ಏನು ಮಾಡಬೇಕಿತ್ತು ಎಂದು ಮರೆತವಳ ಹಾಗೆ ನಿಂತಿದ್ದಾಳೆ.

ಮನೆಯಲ್ಲಿ ಅನಘಾ ಮೊದಲು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಪ್ಪಾ, ಅಮ್ಮಾ ಏನ್ ಪೇಸವೇ ಮಾಟ್ಟೇಂಗರಾ?" ಅಮ್ಮ ಯಾಕೆ ಮಾತೇ ಆಡುವುದಿಲ್ಲ? ಕೆಲಸ ಜಾಸ್ತಿ ಮಗಾ, ಅಂದೆ.

ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ತೋರಿಸಿದೆವು. ಅದೇ ನಾನು ಹೇಳಬೇಕಾದದ್ದು.

ಡಾಕ್ಟರುಗಳ ಲೋಕದಲ್ಲಿ ಒಂದು ಮರ್ಯಾದೆ ಇದೆ. ಡಾಕ್ಟರಿಗೆ ಹುಷಾರಿಲ್ಲದಿದ್ದರೆ ಅವರು ಹೊರರೋಗಿಗಳ ಓ.ಪಿ. ಸಾಲಿನಲ್ಲಿ ಕೂರುವುದಿಲ್ಲ. ಟೋಕನ್ ತೆಗೆದುಕೊಳ್ಳುವುದಿಲ್ಲ. ಸಹೋದ್ಯೋಗಿಯ ಕೋಣೆಗೆ ನೇರ ಹೋಗುತ್ತಾರೆ. ಕಾಫಿ ಬರುತ್ತದೆ. ರೋಗಿಗಳಿಗೆ ಕೇಳುವ ಪ್ರಶ್ನೆಗಳನ್ನು ಅವರಿಗೆ ಕೇಳುವುದಿಲ್ಲ, ಕೇಳಿದರೆ ಅವಮಾನ. ರೋಹಿಣಿಯನ್ನು ಒಬ್ಬರು ಕಾರಿಡಾರಿನಲ್ಲೇ ನಿಲ್ಲಿಸಿ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ ಅಂದರು. ಇನ್ನೊಬ್ಬರು ಥೈರಾಯ್ಡ್ ನೋಡಿಸಿದರು. ಮತ್ತೊಬ್ಬರು ಲಿಫ್ಟಿನಲ್ಲಿ ಇಳಿಯುತ್ತ, "ವಿಟಮಿನ್ ಡಿ ತಗೊಳ್ಳಿ, ಮೈಸೂರಿಗೆ ಹೋಗಿ ಅಮ್ಮನ ಕೈ ಅಡುಗೆ ತಿಂದು ಬನ್ನಿ," ಅಂದರು. ಎಲ್ಲರೂ ಒಳ್ಳೆಯವರು. ಎಲ್ಲರೂ ಅವಳನ್ನು ಕಾಯಿಸದೆ ನೋಡಿದರು.

ಲಾಕ್‌ಡೌನ್ ಕಾಲದಲ್ಲಿ ಅವಳು ಮನೆಯಿಂದಲೇ ಪಿಜಿಗಳಿಗೆ ಪಾಠ ಮಾಡುತ್ತಿದ್ದಳು. ನಾನು ಊಟದ ಮೇಜಿನ ಈಚೆ ಕೂತು ನನ್ನ ವರದಿ ಬರೆಯುತ್ತ ಕೇಳಿಸಿಕೊಂಡದ್ದು ನೆನಪಿದೆ. ನಿದ್ದೆ ಇಲ್ಲ, ಹಸಿವಿಲ್ಲ ಎಂದು ಬಂದವರಿಗೆ ಒಂದು ಪ್ರಶ್ನೆ ಕೇಳಲೇಬೇಕು ಎನ್ನುತ್ತಿದ್ದಳು. ಬದುಕುವುದು ಬೇಡ ಅನ್ನಿಸಿದೆಯಾ? "ಕೇಳೋಕೆ ನಾಚಿಕೆ ಆದ್ರೆ ಆ ಬಿಳಿ ಕೋಟು ಬಿಚ್ಚಿಟ್ಟು ಹೋಗಿ. ನೀವು ಕೇಳಿದ್ರಿಂದ ಯಾರೂ ಸಾಯೋಲ್ಲ," ಎಂದು ಗದರಿದ್ದಳು. ಅವಳು ಕಲಿಸಿದ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಲಿಲ್ಲ.

ಆ ದಿನ ನಾನು ಊರಾಚೆಯ ಎಣ್ಣೂರು ಬಂದರಿನಲ್ಲಿದ್ದೆ. ನೀರು ನುಗ್ಗಿ ಹಾಳಾದ ಒಂದು ಕಂಟೇನರಿನ ಬಾಗಿಲು ತೆಗೆಸುತ್ತಿದ್ದಾಗ ಅಪರಿಚಿತ ನಂಬರಿನಿಂದ ಫೋನ್ ಬಂತು. ರೋಹಿಣಿಯ ಪಿಜಿ ಒಬ್ಬ. "ಸಾರ್, ಮೇಡಂ ನಿಮ್ಮ ಜೊತೆ ಇದ್ದಾರಾ? ರೌಂಡ್ಸಿಗೆ ಬಂದಿಲ್ಲ. ಫೋನ್ ಬರೀ ರಿಂಗ್ ಆಗ್ತಿದೆ."

ನಾನು ಮಾಡಿದೆ. ಬರೀ ರಿಂಗ್. ಅಮ್ಮನ ಮೊಬೈಲಿಗೆ ಮಾಡಿದೆ.

"ಬೆಳಿಗ್ಗೆಯೇ ಹೋದ್ಳಲ್ಲ ಮಗಾ," ಅಂದಳು ಅಮ್ಮ. "ಹೋಯ್, ಅವಳ ಬ್ಯಾಗ್ ಇಲ್ಲೇ ಮೇಜಿನ ಮೇಲೆ ಉಂಟು. ಕೋಟೂ ಉಂಟು, ಆ ಕಿವಿಗೆ ಹಾಕುವುದೂ ಉಂಟು."

ರೋಹಿಣಿ ಸ್ಟೆತಸ್ಕೋಪ್ ಬಿಟ್ಟು ಹೋದದ್ದನ್ನು ನಾನು ಕಂಡಿರಲಿಲ್ಲ. ಅಮ್ಮಾ, ಬಾಲ್ಕನಿಗೆ ಹೋಗು ಎಂದೆ. ಯಾಕೆ ಹಾಗಂದೆ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಕಾಲೆಳೆದುಕೊಂಡು ನಡೆಯುವ ಸದ್ದು ಕೇಳಿಸಿತು, ಚಿಲಕ ತೆಗೆದ ಸದ್ದು ಕೇಳಿಸಿತು.

"ಸ್ಟೇಷನ್ನಲ್ಲಿ ಕೂತಿದ್ದಾಳೆ ಮಾರಾಯ. ಹಸಿರು ಸೀರೆ. ಆ ಕೊನೆಯ ಬೆಂಚಿನಲ್ಲಿ."

"ಅಮ್ಮಾ, ನೀನು ಹೋಗಿ ಅವಳ ಹತ್ತಿರ ಕೂತ್ಕೊ. ಫೋನ್ ಕಟ್ ಮಾಡ್ಬೇಡ. ಮಡಿಲಲ್ಲಿ ಇಟ್ಕೊ."

"ಕಾಫಿ ಹಾಕ್ಕೊಂಡು ಹೋಗ್ತೇನೆ."

"ಕಾಫಿ ಬೇಡ, ಹೋಗು!"

"ಬರಿಗೈಯಲ್ಲಿ ಹೋಗಿ ಎಂತ ಹೇಳುದು? ಡಿಕಾಕ್ಷನ್ ಉಂಟು. ನೀನು ಸುಮ್ಮನಿರು."

ಮೊಣಕಾಲು ನೋವಿನ ನನ್ನ ಅಮ್ಮ ಫ್ಲಾಸ್ಕು ಹಿಡಿದು ಮೆಟ್ಟಿಲಿಳಿದು, ಬೀದಿ ದಾಟಿ, ಪ್ಲಾಟ್‌ಫಾರಮ್ಮಿಗೆ ಹೋದಳು. ನಾನು ಟ್ಯಾಕ್ಸಿಯಲ್ಲಿ ಎಣ್ಣೂರಿನ ರಸ್ತೆಯಲ್ಲಿ ಕಂಟೇನರ್ ಲಾರಿಗಳ ನಡುವೆ ಸಿಕ್ಕಿಕೊಂಡು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಅವಳ ಏದುಸಿರು ಕೇಳುತ್ತಿತ್ತು. ಯಾರೋ ಬಾಳೆಹಣ್ಣು ಮಾರುವ ಕೂಗು ಕೇಳುತ್ತಿತ್ತು. ಆಮೇಲೆ ಅಮ್ಮನ ದನಿ: "ರೋಹಿಣಿ, ಸ್ವಲ್ಪ ಸರಿ. ನಂಗೂ ಕೂರ್ಲಿಕ್ಕೆ ಜಾಗ ಬೇಕಲ್ಲ."

ರೋಹಿಣಿ ಏನು ಹೇಳಿದಳೋ ಕೇಳಿಸಲಿಲ್ಲ. ಅಮ್ಮ ಎಂತಕ್ಕೆ ಬಂದೆ, ಎಂತ ಆಯ್ತು ಎಂದು ಕೇಳಲಿಲ್ಲ. ಹೋಟೆಲಿನ ಕಥೆ ಶುರು ಮಾಡಿದಳು. "ನಿನ್ನ ಮಾವ ಇದ್ದಾಗ ಒಂದ್ಸಲ ಸಾಂಬಾರಿಗೆ ಭಟ್ರು ಒಮ್ಮೆ ಉಪ್ಪು ಹಾಕಿದ್ರು, ಇವರೂ ಹೋಗಿ ಒಮ್ಮೆ ಹಾಕಿದ್ರು. ಇಬ್ರಿಗೂ ಹೇಳುವ ಅಭ್ಯಾಸ ಇಲ್ಲ, ಗಂಡಸರಲ್ವಾ? ತಡೆ, ಗಾಡಿ ಹೋಗ್ಲಿ."

ಆಗ ಹಾರ್ನ್ ಬಂತು. ಅದರ ಹಿಂದೆ ರೈಲು ಬಂತು. ಫೋನಿನಲ್ಲಿ ಬೇರೇನೂ ಉಳಿಯಲಿಲ್ಲ. ಅಷ್ಟು ಹೊತ್ತು ಅಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲ. ನಾನು ಅಮ್ಮಾ ಅಮ್ಮಾ ಎಂದು ಕಿರುಚಿದ್ದಕ್ಕೆ ಟ್ಯಾಕ್ಸಿಯವನು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿಬಿಟ್ಟ. ರೈಲಿನ ಸದ್ದು ಕಡಿಮೆಯಾಯಿತು.

"ಹಾಂ, ಎಲ್ಲಿಗೆ ಬಂದೆ? ಉಪ್ಪು," ಅಂದಳು ಅಮ್ಮ.

ನಾನು ಮಾಂಬಲಂ ಮುಟ್ಟುವವರೆಗೆ ಹೀಗೆಯೇ. ರೈಲು ಬಂದಾಗಲೆಲ್ಲ ಅಮ್ಮ ಕಥೆ ನಿಲ್ಲಿಸುತ್ತಿದ್ದಳು. ಹೋದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ನಾನು ಇವತ್ತಿಗೂ ಆ ಟ್ಯಾಕ್ಸಿಯಿಂದ ಇಳಿದಿಲ್ಲ ಅಂತಲೇ ಅನ್ನಿಸುತ್ತದೆ.

ಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಅಮ್ಮ ತನ್ನ ಸೆರಗನ್ನೂ ರೋಹಿಣಿಯ ಸೆರಗನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿದಿದ್ದಳು. ಗಂಟು ಹಾಕಿದ ಹಾಗೆ. ಅಮ್ಮನಿಗೆ ಎಲ್ಲ ಅರ್ಥವಾಗಿತ್ತು.

"ಯಾವ ರೈಲು ಹತ್ತಬೇಕು ಅಂತ ಗೊತ್ತಾಗ್ಲಿಲ್ಲ ಕಣ್ರೀ," ಅಂದಳು ರೋಹಿಣಿ. ಇಷ್ಟು ವರ್ಷ ದಿನಾ ತಾಂಬರಂ ಕಡೆಯ ಅದೇ ರೈಲು ಹತ್ತಿದವಳು.

ಮರುದಿನ ಅವಳ ಕಾಲೇಜಿನ ಮನೋರೋಗ ವಿಭಾಗದ ಹಿರಿಯರು ಮನೆಗೇ ಬಂದರು. ಮತ್ತೆ ಅದೇ ಮರ್ಯಾದೆ. ಸೋಫಾದಲ್ಲಿ ಕೂತು ಅಮ್ಮ ಮಾಡಿದ ಬನ್ಸ್ ತಿಂದರು. ಹಳೆಯ ಡೀನ್ ಬಗ್ಗೆ ಜೋಕು ಹೇಳಿದರು. ರೋಹಿಣಿ ಸರಿಯಾದ ಜಾಗದಲ್ಲಿ ನಕ್ಕಳು ಕೂಡ. ಹೊರಡುವಾಗ ನನ್ನ ಹೆಗಲು ತಟ್ಟಿ, "ಬರ್ನ್‌ಔಟ್ ಸಾರ್. ನಮಗೆಲ್ಲ ಇದೆ, ನನಗೂ ಇದೆ. ಒಂದು ವಾರ ರೆಸ್ಟ್ ಸಾಕು," ಅಂದರು. ಅವಳು ಯಾಕೆ ಅಲ್ಲಿ ಕೂತಿದ್ದಳೆಂದು ಅವರು ಕೇಳಲಿಲ್ಲ. ಹೇಳಲು ನನಗೂ ನಾಲಿಗೆ ಏಳಲಿಲ್ಲ.

ಬಾಗಿಲು ಹಾಕಿದ ಮೇಲೆ ಅಮ್ಮ ತಟ್ಟೆ ಎತ್ತುತ್ತ ಅಂದಳು: "ಡಾಕ್ಟ್ರು ಬಂದ್ರು, ತಿಂಡಿ ತಿಂದ್ರು, ಹೋದ್ರು. ರೋಗಿಯನ್ನು ನೋಡಿದ್ದು ಯಾರು?"

ಅನಘಾ ಫೋನಿನಲ್ಲಿ ಹುಡುಕಿ ವಡಪಳನಿಯಲ್ಲಿ ಒಂದು ಕ್ಲಿನಿಕ್ ಹಿಡಿದಳು. ರೋಹಿಣಿಯ ಪರಿಚಯದವರು ಯಾರೂ ಇಲ್ಲದ ಜಾಗ. ದೇವಸ್ಥಾನದ ಹಿಂದಿನ ಬೀದಿ, ಕೆಳಗೆ ಔಷಧದ ಅಂಗಡಿ, ಮೇಲೆ ಕ್ಲಿನಿಕ್. ಅಲ್ಲಿ ಟೋಕನ್ ತೆಗೆದುಕೊಂಡೆವು. ಕೌಂಟರಿನ ಹೆಂಗಸು ಹೆಸರು ಕೇಳಿದಳು, ವಯಸ್ಸು ಕೇಳಿದಳು, ಕೆಲಸ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ರೋಹಿಣಿ "ಟೀಚರ್" ಅಂದಳು.

ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಮುಖದ ಬಣ್ಣ ಪೂರ್ತಿ ತೊಳೆಯದೆ ಶೂಟಿಂಗಿನಿಂದ ನೇರ ಬಂದಿದ್ದ ಒಬ್ಬ ಸಹನಟ, ಕೈಯಲ್ಲಿ ಮೊಲ್ಲೆ ಮಾಲೆ ಸುತ್ತಿಕೊಂಡ ಮುದುಕಿ, ಗಂಡನ ತೋಳು ಬಿಡದ ಹೊಸ ಮದುಮಗಳು. ಮುದುಕಿ ರೋಹಿಣಿಯನ್ನು ನೋಡಿ ತಮಿಳಿನಲ್ಲಿ, "ನಿನಗೇನಮ್ಮ?" ಎಂದು ಕೇಳಿಯೇಬಿಟ್ಟಳು. "ನಿದ್ದೆ ಬರಲ್ಲಮ್ಮ," ಅಂದಳು ರೋಹಿಣಿ. "ನನಗೆ ಬರೀ ನಿದ್ದೆಯೇ. ನನ್ನದು ಸ್ವಲ್ಪ ತಗೋ," ಅಂದಳು ಮುದುಕಿ. ರೋಹಿಣಿಯ ತುಟಿ ಅಲುಗಿತು. ಎಷ್ಟೋ ಹೊತ್ತು ಕಾದೆವು. ಕಾಯುವುದು ಇಷ್ಟು ಹಿತವೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ಅವಳು ಬರೀ ಒಬ್ಬ ರೋಗಿಯಾಗಿದ್ದಳು.

ಒಳಗೆ ನಡುವಯಸ್ಸಿನ ಡಾಕ್ಟರಮ್ಮ. ನಗಲಿಲ್ಲ, ಕಾಫಿ ತರಿಸಲಿಲ್ಲ. ನಿದ್ದೆ, ಊಟ, ಕೆಲಸ ಎಲ್ಲ ಕೇಳಿ, ದನಿ ಎತ್ತರಿಸದೆ ತಗ್ಗಿಸದೆ ಕೇಳಿದರು. "ಬದುಕೋದು ಬೇಡ ಅಂತ ಅನ್ನಿಸಿದೆಯಾ ಅಮ್ಮಾ?"

ಗೋಡೆಯ ಫ್ಯಾನು ಈ ಕಡೆಯಿಂದ ಆ ಕಡೆಗೆ ಒಮ್ಮೆ ತಿರುಗಿತು.

"ಹೌದು," ಅಂದಳು ರೋಹಿಣಿ. "ಆ ದಿನ ಅದಕ್ಕೇ ಅಲ್ಲಿ ಕೂತಿದ್ದೆ. ಅತ್ತೆ ಬಂದ್ರು."

ಅಲ್ಲಿಂದ ಮುಂದೆ ಡಾಕ್ಟರಮ್ಮ ಕೇಳುತ್ತ ಹೋದರು, ಅವಳು ಹೇಳುತ್ತ ಹೋದಳು. ನಾನು ಅಲ್ಲೇ ಇದ್ದೆ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಕೇಳದ ಮಾತುಗಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ಅಯ್ಯೋ ಮತ್ತೆ ಎಚ್ಚರವಾಯಿತಲ್ಲ ಎಂದು ಅನ್ನಿಸುತ್ತಿದ್ದದ್ದು. ರೋಗಿ ಸತ್ತಾಗ ಮನೆಯವರ ಅಳು ದೂರದ ಟೀವಿಯ ಹಾಗೆ ಕೇಳಿಸುತ್ತಿದ್ದದ್ದು. ಪಿಜಿಗಳು ಅಳುತ್ತ ಬಂದಾಗ, ನೀನೂ ಹೊರಟುಹೋಗು, ನಾನೂ ಬರುತ್ತೇನೆ ಎನ್ನುವ ಮಾತು ಬಾಯಿತನಕ ಬಂದು ಬೈಯಲು ಬಾಯಿ ತೆರೆದರೆ ಅದೇ ಹೊರಬಿದ್ದೀತೆಂದು ಹೆದರಿ ಬೈಯುವುದನ್ನೇ ಬಿಟ್ಟದ್ದು. ಕೊನೆಯಲ್ಲಿ ಡಾಕ್ಟರಮ್ಮ ಏನು ಪಾಠ ಮಾಡುತ್ತೀರಿ ಎಂದು ಕೇಳಿದರು. "ಮೆಡಿಸಿನ್," ಅಂದಳು. ಅವರು ಪೆನ್ನು ಕೆಳಗಿಟ್ಟರು. "ಮುಂದಿನ ಸಲವೂ ಟೋಕನ್ ತಗೊಂಡೇ ಬನ್ನಿ," ಅಂದರು.

ಆಮೇಲೆ ಮಾತ್ರೆಗಳು. ಮೊದಲನೆಯದು ಅವಳನ್ನು ಕಲ್ಲು ಮಾಡಿತು, ಎರಡನೆಯದರಲ್ಲಿ ಕೈ ನಡುಗಿತು. ಈಗಿನದು ಆಗಬಹುದು. ಕೋಆರ್ಡಿನೇಟರ್ ಕೆಲಸ ಬಿಟ್ಟಳು. ಈಗ ಬರೀ ಓ.ಪಿ. ನೋಡುತ್ತಾಳೆ, ಸಂಜೆಗೆ ಮನೆ. ಮೈಸೂರಿನ ನೆಂಟರು ಫೋನ್ ಮಾಡಿ, ಅಷ್ಟು ಓದಿದೋಳಿಗೆ ಇದೇನು ಬಂತು ಎನ್ನುತ್ತಾರೆ. ಗುಣವಾಗಿದ್ದಾಳೆಯೇ? ಉಣ್ಣುತ್ತಾಳೆ, ಮಲಗುತ್ತಾಳೆ. ಮೊದಲಿನ ಗದರು ದನಿ ಬಂದಿಲ್ಲ. ಅದು ಬಾರದೆಯೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅಮ್ಮ ತನ್ನ ಕುರ್ಚಿಯನ್ನು ಬಾಲ್ಕನಿಗೆ ಒಯ್ದಿದ್ದಾಳೆ. ಗಾಳಿಗೆ ಎನ್ನುತ್ತಾಳೆ.

ಇದನ್ನು ಓದುವವರ ಮನೆಯಲ್ಲಿ ಡಾಕ್ಟರಿದ್ದರೆ ನನ್ನದೊಂದು ಕೋರಿಕೆ. ಅವರನ್ನು ಸಾಲಿನಲ್ಲಿ ಕೂರಿಸಿ. ಅವರ ಗುರುತಿನವರು ಇಲ್ಲದ ಕಡೆ ಕರೆದುಕೊಂಡು ಹೋಗಿ. ಇಷ್ಟೇ ನನಗೆ ತಿಳಿದದ್ದು. ಇದೂ ಸಾಲದು ಎಂದು ಈಚೆಗೆ ಗೊತ್ತಾಗಿದೆ.

ರೋಹಿಣಿಯ ಕೋಆರ್ಡಿನೇಟರ್ ಕೆಲಸ ಈಗ ಶರವಣನ್‌ಗೆ ಬಂದಿದೆ. ಅವಳೇ ತಯಾರು ಮಾಡಿದ ಹುಡುಗ, ಆ ವಿಭಾಗದಲ್ಲೇ ಅಸಿಸ್ಟೆಂಟ್ ಪ್ರೊಫೆಸರ್. ಒಂದು ಭಾನುವಾರ ಮನೆಗೆ ಬಂದ. ಅಮ್ಮ ದೋಸೆ ಹಾಕಿದಳು. ಅವನು ಅದನ್ನು ಚೂರು ಚೂರು ಹರಿಯುತ್ತ, "ಎಲ್ಲ ಚೆನ್ನಾಗಿದೆ ಮೇಡಂ. ವಿಟಮಿನ್ ಡಿ ಸ್ವಲ್ಪ ಕಮ್ಮಿ ಅಂತೆ," ಅಂದ. ಹರಿದ ಚೂರುಗಳನ್ನು ತಿನ್ನಲಿಲ್ಲ. ರೋಹಿಣಿ ಅವನ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ತಮಿಳಿನಲ್ಲಿ, ಅವನಿಗೆ ತಾನೇ ಕಲಿಸಿದ್ದ ಅದೇ ಪ್ರಶ್ನೆಯನ್ನು ಕೇಳಿದಳು.

"ಅಯ್ಯೋ ಮೇಡಂ, ಹಾಗೆಲ್ಲ ಏನೂ ಇಲ್ಲ!" ಎಂದು ನಕ್ಕ. ಫೋನ್ ಬಂತು, ಎದ್ದು ಹೋದ.

"ಸುಳ್ಳು," ಅಂದಳು ರೋಹಿಣಿ. "ನಾನೂ ಹೀಗೇ ನಗ್ತಿದ್ದೆ."

ಅವಳೇ ಅವನ ಹಿಂದೆ ಬಿದ್ದಳು. ವಡಪಳನಿಯಲ್ಲಿ ಟೋಕನ್ ತಗೊಂಡಿರ್ತೀನಿ, ನಾನೂ ಜೊತೆ ಕೂರ್ತೀನಿ, ಬಾ ಎಂದಳು. ಬರುತ್ತೇನೆ ಎಂದ. ಆ ಸಂಜೆ ನಾವು ಹೋಗಿ ಕೂತೆವು. ಅವನ ನಂಬರು ಕರೆದರು. ರೋಹಿಣಿ ಎದ್ದು ಹೋಗಿ ಕೊನೆಗೆ ಹಾಕಿಸಿದಳು. ಫೋನ್ ಮಾಡಿದಳು. ಬರೀ ರಿಂಗ್. ಮತ್ತೆ ಕರೆದರು, ಮತ್ತೆ ಕೊನೆಗೆ. "ಎಷ್ಟು ಸಲ ತಳ್ಳೋದು ಅಕ್ಕಾ? ಡಾಕ್ಟರ್ ಹೊರಡ್ತಾರೆ," ಅಂದಳು ಕೌಂಟರಿನ ಹೆಂಗಸು. ಕುರ್ಚಿಗಳೆಲ್ಲ ಖಾಲಿಯಾದ ಮೇಲೆ ಮೆಸೇಜು ಬಂತು. ರೋಹಿಣಿ ಓದಿ ಫೋನನ್ನು ನನ್ನ ಕೈಗಿಟ್ಟಳು. ಒಬ್ಬ ಪಿಜಿಗೆ ಜ್ವರ, ರೋಸ್ಟರಿನಲ್ಲಿ ಯಾರೂ ಇಲ್ಲ, ನಾನೇ ನಿಂತಿದ್ದೇನೆ, ಕ್ಷಮಿಸಿ ಮೇಡಂ.

ಅವಳು ಕೌಂಟರಿಗೆ ಹೋದಳು.

"ನಾಳೆಗೊಂದು ಹಾಕಿ."

"ಹೆಸರು?"

"ಶರವಣನ್."

"ಕೆಲಸ?"

"ಟೀಚರ್," ಅಂದಳು ರೋಹಿಣಿ.

ಅವನು ಮರುದಿನವೂ ಬರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ರೋಹಿಣಿ ಕ್ಲಿನಿಕ್ಕಿಗೆ ಫೋನ್ ಮಾಡಿ ಅವನ ಹೆಸರಿನಲ್ಲಿ ಟೋಕನ್ ಹಾಕಿಸುವುದನ್ನು ಬಿಟ್ಟಿಲ್ಲ.